ಗುಮ್ಮಟ 1568ರದ್ದಲ್ಲ, ಪಕ್ಕದ ಶಾಲೆಯನ್ನೂ ಮರೆತಿದ್ದೀರಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮಂಗಳೂರಿನ ನಮ್ಮ ಬೋಳಾರದ ರೊಸಾರಿಯೊ ಕೆಥೆಡ್ರಲ್ ಬಗ್ಗೆ ಇಡೀ ಒಂದು ಪುಟ ಬಂದಿದೆ. ಫೋಟೊ ತುಂಬ ಚೆನ್ನಾಗಿದೆ. ಮಳೆ ಬಿಟ್ಟ ಮೇಲೆ ತೆಗೆದದ್ದಿರಬೇಕು, ಗುಮ್ಮಟ ತೊಳೆದಿಟ್ಟ ಹಾಗೆ ಕಾಣುತ್ತದೆ. ಆದರೆ ಅದರ ಕೆಳಗಿನ ಸಾಲು ಓದುತ್ತಾ ನನ್ನ ಚಹಾ ಆರಿಹೋಯಿತು. 1568ರಲ್ಲಿ ಪೋರ್ಚುಗೀಸರು ಕಟ್ಟಿದ ಗುಮ್ಮಟ ಇಂದಿಗೂ ಗಟ್ಟಿಯಾಗಿ ನಿಂತಿದೆ ಅಂತ ಬರೆದಿದ್ದೀರಿ. ಅದೇ ಲೇಖನದ ಮೂರನೇ ಪ್ಯಾರಾದಲ್ಲಿ 1784ರಲ್ಲಿ ಇಗರ್ಜಿಯನ್ನು, ಅಂದರೆ ಚರ್ಚನ್ನು, ನೆಲಸಮ ಮಾಡಿದರು ಎಂದೂ ಇದೆ. ನೆಲಸಮ ಆದದ್ದು ಇಂದಿಗೂ ನಿಂತಿರುವುದು ಹೇಗೆ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು, ಅಲ್ವಾ?

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಚರಿತ್ರೆ ಓದಿದವನಲ್ಲ. ಕ್ರೈಸ್ತನೂ ಅಲ್ಲ. ಮನೆಮಾತು ತುಳು. ಹೊಯಿಗೆ ಬಜಾರಿನ ಕಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಸಾಹಿತಿ ಅಂತ ಯಾರೂ ತಿಳಿಯುವುದು ಬೇಡ. ಎಷ್ಟು ಹೆಂಚು ಗೂಡಿಗೆ ಹೋಯಿತು, ಎಷ್ಟು ಒಡೆಯಿತು, ಎಷ್ಟು ಮಂಜಿಗೆ, ಅಂದರೆ ಸರಕಿನ ದೋಣಿಗೆ, ಏರಿತು ಅಂತ ಲೆಕ್ಕ ಬರೆಯುವವ. ಅದಕ್ಕೂ ಮೊದಲು ಇದೇ ಕೆಥೆಡ್ರಲ್ ಪಕ್ಕದ ಶಾಲೆಯಲ್ಲಿ ಕಲಿತವ. ನನ್ನ ಅಪ್ಪನೂ ಅಲ್ಲೇ ಕಲಿತವರು. ಈಗ ನನಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ನಡೆಯಲು ಹೋದಾಗ ಆ ಗುಮ್ಮಟದ ನೆರಳು ದಾಟಿಯೇ ಮುಂದೆ ಹೋಗುತ್ತೇನೆ. ಹಾಗಾಗಿ ತಪ್ಪು ಕಂಡರೆ ಸುಮ್ನೆ ಇರಲು ಆಗಲಿಲ್ಲ.

1568 ಎಂಬುದು ಸುಳ್ಳಲ್ಲ. ಆ ವರ್ಷ ಹುಟ್ಟಿದ್ದು ಕಟ್ಟಡ ಅಲ್ಲ, ಫಿರ್ಗಜ್. ನಮ್ಮ ಕಡೆಯ ಕೊಂಕಣಿ ಕೆಥೊಲಿಕರು ಒಂದು ಇಗರ್ಜಿಗೆ ಸೇರಿದ ಜನರ ಗುಂಪನ್ನು ಹಾಗೆ ಕರೆಯುತ್ತಾರೆ. ಕಟ್ಟಡ ಇಗರ್ಜಿ, ಜನ ಫಿರ್ಗಜ್. ಈ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಂಡರೆ ನಿಮ್ಮ ಲೇಖನದ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಆ ವರ್ಷದ ಕತೆ ಅಷ್ಟೇನೂ ಭಕ್ತಿಯದ್ದಲ್ಲ. ಗೋವಾದ ವೈಸರಾಯ್ ಆಂತಾವೊ ದ ನೊರೊನ್ಹ ಹಡಗುಗಳ ದಂಡು ಕಟ್ಟಿಕೊಂಡು ಬಂದ. ನೇತ್ರಾವತಿಯ ಆಚೆ ದಡದ ಉಳ್ಳಾಲದ ಅಬ್ಬಕ್ಕ ರಾಣಿ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಅವರ ಕಣ್ಣಿಗೆ ಮುಳ್ಳಾಗಿದ್ದ ಕಾಲ ಅದು. ನೊರೊನ್ಹ ಮಂಗಳೂರನ್ನು ಹಿಡಿದು ಅಳಿವೆಯ ಹತ್ತಿರ ಒಂದು ಕೋಟೆ ಕಟ್ಟಿಸಿದ. ಅದಕ್ಕೆ ಸಂತ ಸೆಬಾಸ್ಟಿಯನ್ ಹೆಸರಿಟ್ಟ. ಅವರ ಆಗಿನ ದೊರೆಯ ಹೆಸರೂ ಸೆಬಾಸ್ಟಿಯನ್ನೇ. ಒಂದೇ ಹೆಸರಿನಲ್ಲಿ ಸಂತನಿಗೂ ದೊರೆಗೂ ಮರ್ಯಾದೆ ಆಯಿತು! ಕೋಟೆಯ ಸಿಪಾಯಿಗಳಿಗೆ, ಪೇಟೆಯ ವ್ಯಾಪಾರಿಗಳಿಗೆ ಅಂತ ಜಪಸರದ ಮಾತೆಯ ಇಗರ್ಜಿ ಎದ್ದಿತು. ಪೋರ್ಚುಗೀಸಿನಲ್ಲಿ ನೊಸ್ಸಾ ಸೆನ್ಹೊರಾ ದೊ ರೊಸಾರಿಯೊ. ಆ ಕೊನೆಯ ಪದವೇ ಇವತ್ತಿಗೂ ನಮ್ಮ ಬಾಯಲ್ಲಿ ಉಳಿದಿದೆ. ಇನ್ನೊಂದು ತಮಾಷೆ. ರೊಸಾರಿಯೊ ಮಾತೆಯ ಹಬ್ಬ ಅಕ್ಟೋಬರ್ 7ರಂದು ಬರುತ್ತದೆ. ಆ ಹಬ್ಬ ಶುರುವಾದದ್ದು 1571ರ ಲೆಪಾಂಟೊ ಸಮುದ್ರ ಯುದ್ಧದ ನೆನಪಿಗೆ. ನಮ್ಮ ಬೋಳಾರದ ಇಗರ್ಜಿ ಆ ಯುದ್ಧಕ್ಕಿಂತ ಮೂರು ವರ್ಷ ಹಳೆಯದು.

ನನ್ನ ಅಜ್ಜಿ ಈ ವೈಸರಾಯ್ ಗಿಯ್ಸರಾಯ್ ಯಾರನ್ನೂ ಕಂಡವರಲ್ಲ, ಕೇಳಿದವರೂ ಅಲ್ಲ. ಅವರ ಕತೆಯೇ ಬೇರೆ. ಮೀನಿಗೆ ಹೋದವರ ಬಲೆಯಲ್ಲಿ ಒಮ್ಮೆ ಅಮ್ಮನ ಮೂರ್ತಿ ಬಂತು, ಅದನ್ನೇ ತಂದು ಇಗರ್ಜಿಯಲ್ಲಿ ಇಟ್ಟರು ಅಂತ ಹೇಳುತ್ತಿದ್ದರು. ನಿಜವೋ ಕತೆಯೋ, ಅಜ್ಜಿಗೆ ಅದು ಮುಖ್ಯ ಆಗಿರಲಿಲ್ಲ. ಬಲೆ ಹಾಕಿದವರು ನಮ್ಮವರು ಎಂಬುದಷ್ಟೇ ಮುಖ್ಯ. ಅದೇ ಹಕ್ಕಿನಲ್ಲಿ ಅವರು ವರ್ಷಕ್ಕೊಮ್ಮೆ ಹೋಗಿ ಬಾಗಿಲ ಹೊರಗೆ ಎರಡು ಮೇಣದ ಬತ್ತಿ ಹಚ್ಚಿ ಬರುತ್ತಿದ್ದರು.

ಆ ಮೊದಲಿನ ಕಾಲದ್ದು ಇವತ್ತಿಗೂ ಉಳಿದಿರುವುದು ಏನು ಅಂತ ಕೇಳಿದರೆ, ಒಂದು ಕಲ್ಲು. ಪೋರ್ಚುಗಲ್ ದೊರೆಯ ಲಾಂಛನ ಕೆತ್ತಿದ ಕಲ್ಲು. ಇಗರ್ಜಿಯವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಿಮ್ಮ ಫೋಟೊಗ್ರಾಫರ್ ಗುಮ್ಮಟಕ್ಕೆ ಕ್ಯಾಮೆರಾ ಹಿಡಿಯುವ ಬದಲು ಆ ಕಲ್ಲಿಗೆ ಹಿಡಿದಿದ್ದರೆ ಅಡಿಬರಹ ಅರ್ಧದಷ್ಟಾದರೂ ಸರಿ ಆಗುತ್ತಿತ್ತು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಲ್ಲಿಗೆ ಬಂದಿದ್ದ. ಮಂಗಳೂರಿನಲ್ಲಿ ಮೂರು ಇಗರ್ಜಿ ಕಂಡೆ ಅಂತ ಬರೆದಿಟ್ಟಿದ್ದಾನೆ. ಆಗ ಉಳ್ಳಾಲವನ್ನು ಆಳುತ್ತಿದ್ದ ರಾಣಿಯನ್ನು ನೋಡಲು ಮನೇಲ್ ಎಂಬಲ್ಲಿಗೂ ಹೋದ. ಅಲ್ಲಿ ರಾಣಿ ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ತೋಡಿಸುತ್ತಿದ್ದಳಂತೆ. ಇದಕ್ಕೂ ಇಗರ್ಜಿಗೂ ಸಂಬಂಧ ಇಲ್ಲ, ಗೊತ್ತು. ಆದರೂ ನೆನಪಾದಾಗಲೆಲ್ಲ ಖುಷಿ ಆಗುತ್ತದೆ, ಅದಕ್ಕೆ ಬರೆದೆ.

ಕೋಟೆ ಹೆಚ್ಚು ಕಾಲ ಬಾಳಲಿಲ್ಲ. ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಕರಾವಳಿಯಿಂದ ಓಡಿಸಿದ. ಆಮೇಲಿನ ನಾಯಕರು ಒಪ್ಪಂದ ಮಾಡಿಕೊಂಡು ವ್ಯಾಪಾರಕ್ಕೂ ಇಗರ್ಜಿಗೂ ಮತ್ತೆ ಜಾಗ ಕೊಟ್ಟರು. ನಿಮ್ಮ ಲೇಖನದಲ್ಲಿ ಈ ಭಾಗವೇ ಇಲ್ಲ. ಓದಿದವರಿಗೆ, ಇಲ್ಲಿನ ಕೆಥೊಲಿಕರೆಲ್ಲ ಹಡಗಿನಿಂದ ಇಳಿದ ಪೋರ್ಚುಗೀಸರ ಮೊಮ್ಮಕ್ಕಳು ಅನ್ನಿಸಿಬಿಡುತ್ತದೆ. ಹಾಗಲ್ಲ. ಹೆಚ್ಚಿನವರು ಗೋವಾದಿಂದ ಇಳಿದು ಬಂದ ಕೊಂಕಣಿಗರು. ಕೆಲವರು ಇನ್‌ಕ್ವಿಸಿಶನ್ನಿನ ಕಾಟಕ್ಕೆ, ಅಂದರೆ ಅಲ್ಲಿನ ಇಗರ್ಜಿಯ ಧರ್ಮ ವಿಚಾರಣೆಗೆ, ಹೆದರಿ, ಕೆಲವರು ಬರಕ್ಕೆ, ಕೆಲವರು ಮರಾಠರ ದಾಳಿಗೆ. ಬೇಸಾಯ ಬಲ್ಲವರು ಅಂತ ಕೆಳದಿಯವರು ಅವರಿಗೆ ಭೂಮಿ ಕೊಟ್ಟು ನೆಲೆ ನಿಲ್ಲಿಸಿದರು. ತುಳುವಿನಲ್ಲಿ ನಾವು ಅವರನ್ನು ಪೊರ್ಬುಲು ಅನ್ನುತ್ತೇವೆ. ಪ್ರಭು ಎಂಬ ಹಳೆಯ ಮನೆತನದ ಹೆಸರೇ ಸವೆದು ಪೊರ್ಬು ಆದದ್ದು. ಡಿಸೋಜ, ಪಿಂಟೊ, ಲೋಬೊ ಅಂತ ಕೇಳಿದ ಕೂಡಲೇ ಲಿಸ್ಬನ್ ನೆನಪು ಮಾಡಿಕೊಳ್ಳುವವರು ಇದನ್ನೂ ಸ್ವಲ್ಪ ನೆನಪಿಡಬೇಕು.

1784ರದ್ದು ನೋವಿನ ಮಾತು. ಅದನ್ನು ಈಗೀಗ ಎರಡು ಕಡೆಯವರೂ ಎಳೆದಾಡುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇಂಗ್ಲಿಷರ ಜೊತೆ ಎರಡನೇ ಮೈಸೂರು ಯುದ್ಧ ನಡೆಯುತ್ತಿತ್ತು. ಮಂಗಳೂರಿನ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿಕೊಂಡಿದ್ದ ಕರ್ನಲ್ ಕ್ಯಾಂಪ್‌ಬೆಲ್ 1784ರ ಜನವರಿ ಕೊನೆಗೆ ಶರಣಾದ. ಇಲ್ಲಿನ ಕೆಥೊಲಿಕರು ಇಂಗ್ಲಿಷರಿಗೆ ನೆರವಾದರು ಎಂಬ ಸಿಟ್ಟು ಟಿಪ್ಪು ಸುಲ್ತಾನನಿಗಿತ್ತು. ಫೆಬ್ರವರಿ ಕೊನೆಯಲ್ಲಿ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ, ಕರಾವಳಿಯ ಉದ್ದಕ್ಕೂ ಅವರನ್ನು ಸೆರೆ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಜಗಳ ಇದೆ. ಮೂವತ್ತು ಸಾವಿರ ಎನ್ನುವವರೂ ಇದ್ದಾರೆ, ಎಂಬತ್ತು ಸಾವಿರ ಎನ್ನುವವರೂ ಇದ್ದಾರೆ. ಇಗರ್ಜಿಗಳನ್ನು ಕೆಡವಿದರು, ರೊಸಾರಿಯೊ ಸಹ ಬಿತ್ತು. ಮೂಡುಬಿದಿರೆ ಹತ್ತಿರದ ಹೊಸಬೆಟ್ಟಿನ ಇಗರ್ಜಿಯೊಂದು ಚೌಟ ಅರಸರ ದಯೆಯಿಂದ ಉಳಿಯಿತು. ಇದನ್ನು ಯಾಕೆ ಯಾರೂ ಬರೆಯುವುದಿಲ್ಲವೋ ನನಗೆ ತಿಳಿಯದು. ಕೆಡವಿದ್ದನ್ನು ನೂರು ಸಲ ಬರೆಯುತ್ತಾರೆ, ಉಳಿಸಿದ್ದನ್ನು ಒಂದು ಸಲವೂ ಇಲ್ಲ.

ಆಮೇಲೆ ಎಷ್ಟೋ ವರ್ಷ ಬೋಳಾರದಲ್ಲಿ ಪೂಜೆಯ ಗಂಟೆ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಬದುಕಿ ಉಳಿದವರು ಘಟ್ಟ ಇಳಿದರು. ಅದಕ್ಕೂ ಮೊದಲೇ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಿದ್ದ. ವಾಪಸು ಬಂದವರಿಗೆ ಮನೆ ಇಲ್ಲ, ಗದ್ದೆ ಬೇರೆಯವರ ಕೈಯಲ್ಲಿ. ಮಂಗಳೂರಿನಲ್ಲಿ ರೊಸಾರಿಯೊ ಮತ್ತೆ ಎದ್ದದ್ದು 1813ರಲ್ಲಿ. ನೋಡಿ, ಫಿರ್ಗಜ್ ಎಂಬ ಮಾತಿನ ತೂಕ ಇಲ್ಲಿ ಗೊತ್ತಾಗುತ್ತದೆ. ಗೋಡೆ ಇರಲಿಲ್ಲ, ಮಾಡು ಇರಲಿಲ್ಲ. ಬಂದವರು ಮಾತ್ರ ಹಳೆಯ ಜಾಗಕ್ಕೇ ಬಂದು, ಹಳೆಯ ಹೆಸರನ್ನೇ ಇಟ್ಟರು.

ಇನ್ನು ಕೆಥೆಡ್ರಲ್ ಎಂಬ ಹೆಸರು. ದೊಡ್ಡ ಇಗರ್ಜಿಗೆಲ್ಲ ಹಾಗೆ ಅನ್ನುತ್ತಾರೆ ಅಂತ ನಿಮ್ಮ ಲೇಖಕರು ಅಂದುಕೊಂಡ ಹಾಗಿದೆ. ದೊಡ್ಡದು ಸಣ್ಣದು ಅಂತ ಅಲ್ಲ, ಬಿಷಪರ ಪೀಠ ಎಲ್ಲಿದೆಯೋ ಅದು ಕೆಥೆಡ್ರಲ್. 1845ರಲ್ಲಿ ಮಂಗಳೂರನ್ನು ಬೇರೆ ವಿಭಾಗ ಮಾಡಿ ಅದಕ್ಕೇ ಒಬ್ಬ ಬಿಷಪರನ್ನು ಕೊಟ್ಟರು. ಆಮೇಲೆ ರೊಸಾರಿಯೊ ಅವರ ಇಗರ್ಜಿ ಆಯಿತು. 1880ರ ದಶಕದಲ್ಲಿ ಪೂರ್ಣ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆಯಿತು. ಬಿಷಪರ ಮನೆ ಇರುವುದು ಕೊಡಿಯಾಲಬೈಲಿನಲ್ಲಿ, ಪೀಠ ಮಾತ್ರ ಬೋಳಾರದಲ್ಲಿ. ಆಟೋದವರಿಗೆ ಬಿಷಪ್ ಹೌಸ್ ಅಂತ ಹೇಳಿ, ಇಲ್ಲಿಗೆ ಬರಬೇಕಾದವರು ಅಲ್ಲಿಗೆ ಹೋಗಿ ಇಳಿಯುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಈಗ ನಿಮ್ಮ ಫೋಟೊದ ಗುಮ್ಮಟಕ್ಕೆ ಬರೋಣ. ಅದು 1910ರ ನಂತರದ್ದು. 1813ರ ಹಳೆಯ ಕಟ್ಟಡ ತೆಗೆದು ಈಗಿನದನ್ನು ಕಟ್ಟಿದರು. ಆಗ ಇಲ್ಲಿ ಇದ್ದವರು ಜೆಸುಯಿಟ್ ಪಾದ್ರಿಗಳು, ಹೆಚ್ಚಿನವರು ಇಟಲಿಯವರು. 1878ರ ಕೊನೆಯ ದಿನ ಬಂದರಿನಲ್ಲಿ ಇಳಿದವರು. ಮೊದಲು ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಅಲ್ಲಿನ ಚಾಪೆಲಿನ ಗೋಡೆ, ಮಾಡು ಎಲ್ಲ ಬ್ರದರ್ ಮೊಸ್ಕೇನಿ ಚಿತ್ರ ಬರೆದು ತುಂಬಿಸಿದ್ದಾರೆ. ಹಾಗಾಗಿ ಪ್ರವಾಸಿಗರೆಲ್ಲ ಗುಡ್ಡ ಹತ್ತಿ ಅಲ್ಲಿಗೇ ಹೋಗುತ್ತಾರೆ, ತಪ್ಪಿಲ್ಲ. ನಮ್ಮ ಬೋಳಾರದ್ದು ಚಿತ್ರದ ಇಗರ್ಜಿ ಅಲ್ಲ, ಆಕಾರದ ಇಗರ್ಜಿ. ದೂರದಿಂದಲೇ ನೋಡಬೇಕು. ನನ್ನ ಮಾವ, ಅಂದರೆ ಅಮ್ಮನ ತಮ್ಮ, ಮೀನಿಗೆ ಹೋಗುತ್ತಿದ್ದವರು. ರಾತ್ರಿ ಅಳಿವೆ ಬಾಗಿಲಿಗೆ ಬರುವಾಗ ಗುಮ್ಮಟದ ಮೇಲಿನ ಶಿಲುಬೆಯ ದೀಪ ಕಂಡರೆ ಬೆನ್ನು ಸಡಿಲ ಆಗುತ್ತದೆ ಅನ್ನುತ್ತಿದ್ದರು.

ಹೆಂಚಿನವನಾಗಿ ಒಂದು ಮಾತು. ನಮ್ಮ ಮಂಗಳೂರು ಹೆಂಚು 1865ರಲ್ಲಿ ಜೆಪ್ಪಿನಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ್ದು. ಅದು ಬಂದ ಮೇಲೆ ಇಲ್ಲಿ ಮನೆ, ಶಾಲೆ, ಇಗರ್ಜಿ ಎಲ್ಲದರ ಮಾಡೂ ಇಳಿಜಾರು, ಎಲ್ಲವೂ ಕೆಂಪು. ಅಂಥ ಊರಿನ ನಡುವೆ, ಇಷ್ಟು ಮಳೆಯಲ್ಲಿ, ಒಂದು ಗುಮ್ಮಟ ಎಬ್ಬಿಸುವುದು ಅಂದರೆ ಧೈರ್ಯದ ಕೆಲಸ. ಹೆಂಚು ಒಡೆದರೆ ಮೇಲೆ ಹತ್ತಿ ಒಂದು ಹೆಂಚು ಬದಲಿಸಿದರೆ ಮುಗಿಯಿತು. ಗುಮ್ಮಟ ಬಿರುಕು ಬಿಟ್ಟರೆ ಏನು ಮಾಡುತ್ತೀರಿ? ಕಾರ್ಖಾನೆಯ ಹಳೆಯ ಮೇಸ್ತ್ರಿ ಒಬ್ಬರು ಅದನ್ನು ನೋಡುವಾಗಲೆಲ್ಲ ತಲೆ ಆಡಿಸುತ್ತಿದ್ದರು. ಮೆಚ್ಚಿಗೆಯೋ ಚಿಂತೆಯೋ, ಕೊನೆಯವರೆಗೂ ಹೇಳಲಿಲ್ಲ.

ಕಟ್ಟಡದ ಮಾತು ಇಷ್ಟು ಸಾಕು. ನನ್ನ ನಿಜವಾದ ತಕರಾರು ಬೇರೆ. ಇಡೀ ಪುಟದಲ್ಲಿ ಶಾಲೆಯ ಬಗ್ಗೆ ಒಂದು ಸಾಲೂ ಇಲ್ಲ. ಫೋಟೊದಲ್ಲಿ ಕೂಡ ಅದನ್ನು ಕತ್ತರಿಸಿದ್ದೀರಿ! ಬೋಳಾರ, ಹೊಯಿಗೆ ಬಜಾರ್, ಪಾಂಡೇಶ್ವರ, ಬಂದರು, ಈ ಕಡೆಯ ನಮ್ಮಂಥವರಿಗೆ ಇಗರ್ಜಿ ಅಂದರೆ ಮೊದಲು ಶಾಲೆ. ಒಳಗಿನ ಪೀಠವನ್ನು ನಾನು ನೋಡಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಬೆಂಚು ನೋಡಿದ್ದು ಆರನೇ ವಯಸ್ಸಿಗೆ.

ಈ ಶಾಲೆ ಹತ್ತೊಂಬತ್ತನೇ ಶತಮಾನದ ನಡುವಿನದ್ದು, ಕಾಲೇಜಿಗಿಂತ ಹಳೆಯದು. ಯಾಕೆ ಶುರುವಾಯಿತು ಅಂತ ತಿಳಿಯಬೇಕಾದರೆ ಪಕ್ಕದ ಬೀದಿಯನ್ನು ನೋಡಬೇಕು. ಬಾಸೆಲ್ ಮಿಶನ್ನಿನವರು 1834ರಲ್ಲೇ ಮಂಗಳೂರಿಗೆ ಬಂದಿದ್ದರು. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. 1843ರ ಜುಲೈಯಲ್ಲಿ ಅವರಲ್ಲಿ ಒಬ್ಬರಾದ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ಎಂಬ ಪತ್ರಿಕೆ ಹೊರಡಿಸಿದರು. ನಿಮ್ಮ ವೃತ್ತಿಯ ಅಜ್ಜನೂ ನಮ್ಮ ಊರಿನವನೇ, ಸ್ವಾಮಿ. ಬಾಸೆಲ್ ಮಿಶನ್ನಿನವರು ಪ್ರೊಟೆಸ್ಟಂಟರು. ಅವರ ಶಾಲೆಗೆ ಮಕ್ಕಳನ್ನು ಕಳಿಸಲು ಕೆಥೊಲಿಕರಿಗೆ ಮನಸ್ಸಿಲ್ಲ, ಕಳಿಸದಿದ್ದರೆ ಸರಕಾರಿ ಕೆಲಸ ಸಿಗುವುದಿಲ್ಲ. ಹಾಗಾಗಿ ಇಗರ್ಜಿಗಳ ಪಕ್ಕದಲ್ಲಿ ಶಾಲೆಗಳು ಎದ್ದವು. ಹುಡುಗಿಯರಿಗೆ ಅಂತ 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಬಂದು ಸಂತ ಆ್ಯನ್ಸ್ ಶುರು ಮಾಡಿದರು. ಹೀಗೆ ಪೈಪೋಟಿಯಲ್ಲಿ ಶುರುವಾದ ಶಾಲೆಗಳ ಲಾಭ ಸಿಕ್ಕಿದ್ದು ಯಾರಿಗೆ? ಎರಡೂ ಕಡೆಗೆ ಸೇರದ ನಮ್ಮಂಥವರಿಗೆ.

ಇನ್ನೊಂದು ಸಂಗತಿ ಇದೆ. 1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಕಳಿಸಿದ ಪತ್ರದ ಮೇಲೆ, ಖಾಸಗಿ ಶಾಲೆಗಳಿಗೂ ಸರಕಾರ ಸಹಾಯಧನ ಕೊಡಲು ಶುರು ಮಾಡಿತು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಸಹಾಯಧನ ಸುಮ್ನೆ ಸಿಗುತ್ತದೆಯೇ? ಹಾಜರಿ ತೋರಿಸಬೇಕು, ದಾಖಲಾತಿ ತೋರಿಸಬೇಕು. ಇನ್‌ಸ್ಪೆಕ್ಟರ್ ಬಂದು ಪುಸ್ತಕ ತಿರುವುತ್ತಾರೆ. ಹಾಗಾಗಿ ಮಾಸ್ಟ್ರುಗಳು ಊರಿನ ಪ್ರತಿ ಮಗುವಿನ ಹೆಸರನ್ನೂ ದಪ್ಪ ಪುಸ್ತಕದಲ್ಲಿ ಬರೆದಿಟ್ಟರು. ದುಡ್ಡಿಗಾಗಿ ಬರೆದದ್ದೇ ಇರಲಿ, ನಮ್ಮ ಬೀದಿಯ ಚರಿತ್ರೆ ಅಂತ ಏನಾದರೂ ಇದ್ದರೆ ಅದೇ.

ಇದು ನನಗೆ ಗೊತ್ತಾದದ್ದು 1980ರಲ್ಲಿ. ಅಪ್ಪನಿಗೆ ಕಾರ್ಖಾನೆಯಲ್ಲಿ ನಿವೃತ್ತಿಯ ಹೊತ್ತು. ಪಿ.ಎಫ್. ಹಣಕ್ಕೆ ವಯಸ್ಸಿನ ದಾಖಲೆ ತನ್ನಿ ಅಂದರು. ಮನೆಯಲ್ಲಿ ಜಾತಕ ಇಲ್ಲ. ಮುನ್ಸಿಪಾಲಿಟಿಯಲ್ಲಿ ಹೆಸರಿಲ್ಲ. ಅಜ್ಜಿಯನ್ನು ಕೇಳಿದರೆ, ದೊಡ್ಡ ನೆರೆ ಬಂದ ವರ್ಷ ಇವನು ಹೊಟ್ಟೆಯಲ್ಲಿದ್ದ ಅನ್ನುತ್ತಾರೆ. ನೇತ್ರಾವತಿಯ ದೊಡ್ಡ ನೆರೆ ಅಂದರೆ 1923. ಅದನ್ನು ಯಾವ ಆಫೀಸು ಒಪ್ಪುತ್ತದೆ?

ಕೊನೆಗೆ ಅಪ್ಪನನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್ ಮಾಸ್ಟ್ರು ಕಪಾಟು ತೆಗೆದರು. ಜಿರಳೆ ಗುಳಿಗೆಯ ವಾಸನೆ ಬಂತು. ನಾಲ್ಕು ಪುಸ್ತಕ ಕೆಳಗಿಳಿಸಿ, ಬಟ್ಟೆಯಿಂದ ಒರೆಸಿ, ಬೆರಳನ್ನು ಒದ್ದೆ ಮಾಡದೆ, ಹಾಳೆಯ ಮೂಲೆ ಹಿಡಿದು ಮೆಲ್ಲಗೆ ತಿರುವಿದರು. 1928ರ ಜೂನ್ ಪುಟದಲ್ಲಿ ಅಪ್ಪ ಸಿಕ್ಕಿದರು. ಹೆಸರು, ತಂದೆಯ ಹೆಸರು, ಉದ್ಯೋಗ ಕೂಲಿ, ಹುಟ್ಟಿದ ತಾರೀಕು 1-6-1922. ಅಪ್ಪ ನಕ್ಕುಬಿಟ್ಟರು. ಹುಟ್ಟುವ ಮೊದಲೇ ಒಂದು ವರ್ಷ ಜಾಸ್ತಿ ಆಗಿತ್ತು! ಆ ಪುಟದಲ್ಲಿ ಒಂದರ ಕೆಳಗೆ ಒಂದು ಅದೇ ತಾರೀಕು. ಆ ವರ್ಷ ಸೇರಿದ ಹುಡುಗರಲ್ಲಿ ಬಹಳ ಮಂದಿ ಜೂನ್ 1ಕ್ಕೇ ಹುಟ್ಟಿದವರು. ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸುಲಭ ಆಗಲಿ ಅಂತ ಮಾಸ್ಟ್ರು ಹಾಗೆ ಬರೆಯುತ್ತಿದ್ದರು. ನಡುನಡುವೆ ಬೇರೆ ಬೇರೆ ತಾರೀಕಿನ ಹೆಸರುಗಳೂ ಇದ್ದವು. ಎಲ್ಲ ಕೊಂಕಣಿ ಹುಡುಗರದ್ದು. ಯಾಕೆ ಅಂತ ಹೆಡ್ ಮಾಸ್ಟ್ರೇ ಹೇಳಿದರು. ಅವರಿಗೆ ಇಗರ್ಜಿಯ ಜ್ಞಾನಸ್ನಾನದ, ಅಂದರೆ ಮಗುವಿಗೆ ಕೊಡುವ ಕ್ರೈಸ್ತ ದೀಕ್ಷೆಯ, ಪುಸ್ತಕ ಇತ್ತು, ಹುಟ್ಟಿದ ದಿನ ಅಲ್ಲಿಂದ ಬರುತ್ತಿತ್ತು. ನಮಗೆ ಅದು ಇರಲಿಲ್ಲ. ಹಾಗಾಗಿ ನಮಗೆ ಹುಟ್ಟುಹಬ್ಬ ಕೊಟ್ಟದ್ದು ಶಾಲೆ.

ಪುಟದ ಕೊನೆಯ ಅಂಕಣ "ಬಿಟ್ಟ ಕಾರಣ". ಅಪ್ಪನ ಹೆಸರಿನ ಮುಂದೆ ಐದನೇ ಕ್ಲಾಸು, 1933, ಕೆಲಸಕ್ಕೆ. ಅಷ್ಟೇ. ಅದರ ಮೇಲೆ ಕೆಳಗೆ ನೋಡುತ್ತಾ ಹೋದೆ. ಬೊಂಬಾಯಿ. ಮರಣ. ಹೆಂಚಿನ ಕಾರ್ಖಾನೆ. ಬೊಂಬಾಯಿ. ತಂದೆ ಮರಣ. ಒಂದು ಕಡೆ ಬರೀ "ಬರಲಿಲ್ಲ". ಅಪ್ಪ ಬೆರಳಿಟ್ಟು ಕೆಲವು ಹೆಸರು ಓದಿದರು. ಇವನು ಹೋಟೆಲಿಗೆ ಹೋದವ. ಇವನು ದೋಣಿಯಿಂದ ಬಿದ್ದು ಸತ್ತವ. ಇವನು ಪಾದ್ರಿ ಆದ. ಹೆಡ್ ಮಾಸ್ಟ್ರು ಸರ್ಟಿಫಿಕೇಟಿಗೆ ಸಹಿ ಹಾಕಿ ಮೊಹರು ಒತ್ತಿ, ಆಮೇಲೂ ಅರ್ಧ ಗಂಟೆ ನಮ್ಮನ್ನು ಕೂರಿಸಿಕೊಂಡರು. ಅವರೂ ಅಪ್ಪನ ಬಾಯಿಂದ ಕೇಳುತ್ತಾ ಪೆನ್ಸಿಲಿನಲ್ಲಿ ಏನೋ ಗುರುತು ಮಾಡಿಕೊಂಡರು.

ನನ್ನ ಕಾಲ 1959ರಿಂದ. ಅಷ್ಟು ಹೊತ್ತಿಗೆ ಮದ್ರಾಸು ಹೋಗಿ ಮೈಸೂರು ರಾಜ್ಯ ಬಂದಿತ್ತು. ನಮ್ಮ ಬೆಂಚಿನಲ್ಲಿ ನಾಲ್ಕು ಮಂದಿ. ಒಬ್ಬ ಬಂದರಿನ ಬ್ಯಾರಿ ಹುಡುಗ, ಒಬ್ಬ ಮಂಗಳಾದೇವಿ ಕಡೆಯವ, ನಾನು, ಮತ್ತೆ ನನ್ನ ನೆರೆಮನೆಯ ಕೊಂಕಣಿ ಗೆಳೆಯ. ಮನೆಯಲ್ಲಿ ನಾಲ್ವರಿಗೂ ಕನ್ನಡ ಇಲ್ಲ. ಕನ್ನಡ ಕಲಿತದ್ದು ಆ ಬೆಂಚಿನಲ್ಲಿ. ಹನ್ನೆರಡಕ್ಕೆ ಇಗರ್ಜಿಯಲ್ಲಿ ಆಮೋರಿ, ಅಂದರೆ ಪ್ರಾರ್ಥನೆಯ, ಗಂಟೆ ಹೊಡೆಯುತ್ತಿತ್ತು. ಗೆಳೆಯ ಎದ್ದು ನಿಂತು ಶಿಲುಬೆ ಗುರುತು ಹಾಕುತ್ತಿದ್ದ. ನಮಗೆ ಅದು ಊಟದ ಗಂಟೆ. ಅವರಿಗೆ ದೊತೊರ್ನ್ ಇರುವ ಹೊತ್ತಿನಲ್ಲಿ, ಅಂದರೆ ಅವರ ಧರ್ಮದ ಪಾಠ, ನಮಗೆ ನೀತಿಪಾಠ. ಸುಳ್ಳು ಹೇಳಬಾರದು, ಕದಿಯಬಾರದು. ನೀತಿಪಾಠ ಮುಗಿದ ಕೂಡಲೇ ನಾವು ಮಾವಿನಕಾಯಿಗೆ ಕಲ್ಲು ಹೊಡೆಯಲು ಹೋಗುತ್ತಿದ್ದೆವು.

ಸೆಪ್ಟೆಂಬರ್ ಬಂದರೆ ಮೊಂತಿ ಫೆಸ್ತ್. ಎಂಟನೇ ತಾರೀಕಿನವರೆಗೆ ಒಂಬತ್ತು ದಿನ ಮಕ್ಕಳು ಮೇರಿ ಮಾತೆಗೆ ಹೂ ಹಾಕಬೇಕು. ಗೆಳೆಯನ ಬುಟ್ಟಿಗೆ ಹೂ ಕೊಯ್ಯುವ ಕೆಲಸ ನನ್ನದು. ಯಾರ ಅಂಗಳದಲ್ಲಿ ಗೋರಂಟೆ, ಯಾರ ಬೇಲಿಯಲ್ಲಿ ದಾಸವಾಳ, ಎಲ್ಲ ನನಗೆ ಗೊತ್ತಿತ್ತು. ಕೊನೆಯ ದಿನ ಅವನಿಗೆ ಸಿಕ್ಕಿದ ಕಬ್ಬಿನಲ್ಲಿ ಅರ್ಧ ನನಗೆ. ಅವನ ಅಮ್ಮ, ನಾವು ಬಾಯಮ್ಮ ಅನ್ನುತ್ತಿದ್ದೆವು, ಹೊಸ ಅಕ್ಕಿಯ ಊಟದ ದಿನ ನಮ್ಮ ಮನೆಗೂ ಒಂದು ಪಾತ್ರೆ ಪಾಯಸ ಕಳಿಸುತ್ತಿದ್ದರು.

ಈ ಬಾಯಮ್ಮನ ಒಂದು ವಿಷಯ ಹೇಳಲೇಬೇಕು. ನಾನು ಮೂರು ನಾಲ್ಕನೇ ಕ್ಲಾಸಿನಲ್ಲಿ ಇರುವಾಗ ಪೂಜೆ ಎಲ್ಲ ಲ್ಯಾಟಿನಿನಲ್ಲಿ. ಜಗಲಿಯಲ್ಲಿ ನಿಂತರೆ ಹಾಡಿದ್ದು ಕೇಳುತ್ತಿತ್ತು, ಇಂಪಾಗಿತ್ತು, ಒಂದು ಶಬ್ದ ಅರ್ಥ ಆಗುತ್ತಿರಲಿಲ್ಲ. ನನಗೆ ಮಾತ್ರವಾ, ಬಾಯಮ್ಮನಿಗೂ ಆಗುತ್ತಿರಲಿಲ್ಲ. ಅವರು ತಮ್ಮಷ್ಟಕ್ಕೆ ತೆರ್ಸ್, ಅಂದರೆ ಜಪಸರದ, ಮಣಿ ಎಣಿಸುತ್ತಾ ಕೂರುತ್ತಿದ್ದರು. ರೋಮಿನಲ್ಲಿ ಬಿಷಪರೆಲ್ಲ ಕೂಡಿದ ಎರಡನೇ ವ್ಯಾಟಿಕನ್ ಸಭೆ ಮುಗಿಯುವ ಹೊತ್ತಿಗೆ, 1965ರ ಆಸುಪಾಸು, ಪೂಜೆ ಅವರವರ ಭಾಷೆಗೆ ಬಂತು. ಇಲ್ಲಿ ಕೊಂಕಣಿಗೆ. ಪುಸ್ತಕ ಅಚ್ಚಾಗಿ ಬಂತು. ಯಾವ ಅಕ್ಷರದಲ್ಲಿ? ಕನ್ನಡ ಅಕ್ಷರದಲ್ಲಿ. ಗೋವಾದವರು ರೋಮನ್ನಿನಲ್ಲಿ, ದೇವನಾಗರಿಯಲ್ಲಿ ಬರೆಯುತ್ತಾರೆ. ನಮ್ಮವರು ಕನ್ನಡದಲ್ಲಿ. ಧರ್ಮಪ್ರಾಂತ್ಯದ ವಾರಪತ್ರಿಕೆ ರಾಕ್ಣೊ 1938ರಿಂದಲೇ ಹಾಗೆ ಬರುತ್ತಿದೆ. ಬಾಯಮ್ಮ ಇದೇ ಕೆಥೆಡ್ರಲ್ ಆಸುಪಾಸಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತವರು. ಆ ಮೂರು ವರ್ಷದ ಕನ್ನಡದಿಂದ ಅವರು ಕೊಂಕಣಿಯ ಪೂಜೆ ಪುಸ್ತಕ ಓದಿದರು. ಮೊದಲ ಭಾನುವಾರ ಮನೆಗೆ ಬಂದು ನನ್ನ ಅಮ್ಮನ ಹತ್ತಿರ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಇಷ್ಟು ವರ್ಷ ಪಾದ್ರಿಗಳು ಏನು ಹೇಳುತ್ತಿದ್ದರು ಅಂತ ಇವತ್ತು ಗೊತ್ತಾಯಿತು ಅಂದರು. ಆಮೇಲೆ ಸ್ವಲ್ಪ ನಿಲ್ಲಿಸಿ, ಅಷ್ಟು ದೊಡ್ಡ ವಿಷಯ ಏನೂ ಇರಲಿಲ್ಲ ಅಂದರು.

ಕನ್ನಡ ಶಾಲೆ ಮುಚ್ಚಿದರೆ ಕನ್ನಡಕ್ಕೆ ಮಾತ್ರ ನಷ್ಟ ಅಂತ ವೇದಿಕೆಯಲ್ಲಿ ಭಾಷಣ ಮಾಡುತ್ತಾರೆ. ಕರಾವಳಿಯಲ್ಲಿ ಕೊಂಕಣಿ ಓದುವವರೂ, ತುಳು ಬರೆಯುವವರೂ, ಬ್ಯಾರಿ ಬರೆಯುವವರೂ ಆ ಬೆಂಚಿನಿಂದಲೇ ಎದ್ದು ಬಂದವರು. ಈಗ ನನ್ನ ಗೆಳೆಯನ ಮೊಮ್ಮಗ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕೊಂಕಣಿ ಚೆನ್ನಾಗಿ ಮಾತಾಡುತ್ತಾನೆ. ಪ್ರಾರ್ಥನೆ ಪುಸ್ತಕ ಕೊಟ್ಟರೆ ಅಜ್ಜನ ಮುಖ ನೋಡುತ್ತಾನೆ. ದೂರುತ್ತಿಲ್ಲ, ನನ್ನ ಮೊಮ್ಮಗಳದ್ದೂ ಅದೇ ಕತೆ.

ಇಷ್ಟು ಉದ್ದ ಬರೆಯಲು ಇನ್ನೊಂದು ಕಾರಣವೂ ಇದೆ. ಕೆಲವು ವರ್ಷ ಹಿಂದೆ ಜಿಲ್ಲೆಯ ಒಂದು ಹಳೆಯ ಕನ್ನಡ ಶಾಲೆ, ಹೆಸರು ಬೇಡ, ಮಕ್ಕಳಿಲ್ಲದೆ ಬಾಗಿಲು ಹಾಕಿತು. ಅಲ್ಲಿ ಕಲಿತ ನನ್ನ ಭಾವನಿಗೆ ಒಂದು ದಾಖಲೆ ಬೇಕಿತ್ತು. ಹೋಗಿ ಕೇಳಿದರೆ, ಬೆಂಚು ಕಪಾಟುಗಳ ಜೊತೆ ಹಳೆಯ ಪುಸ್ತಕಗಳೂ ಗುಜರಿಗೆ ಹೋದವು ಅಂದರು. ಕಿಲೋಗೆ ಎಷ್ಟು ಸಿಕ್ಕಿತೋ. ಒಂದು ಊರಿನ ನೂರು ವರ್ಷದ "ಬಿಟ್ಟ ಕಾರಣ" ತಕ್ಕಡಿಯಲ್ಲಿ ಹೋಯಿತು.

ನನ್ನ ಶಾಲೆಯಲ್ಲಿ ಹಾಗಾಗಿದೆ ಅಂತ ನಾನು ಹೇಳುತ್ತಿಲ್ಲ. ನಾನು ಕಂಡಾಗ ಅಲ್ಲಿ ಪುಸ್ತಕಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದರು. ಆದರೆ ಕಾಗದ ಕಾಗದವೇ. ನಮ್ಮ ಜೂನ್ ಜುಲೈ ತಿಂಗಳ ತೇವ ಅದಕ್ಕೆ ಗೊತ್ತಿಲ್ಲವೇ? ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಕಾಯಲು ವಿಗಾರ್, ಅಂದರೆ ಇಗರ್ಜಿಯ ಮುಖ್ಯ ಪಾದ್ರಿ, ಇದ್ದಾರೆ, ಕಾನೂನಿದೆ, ಬಿಷಪರ ಕಚೇರಿ ಇದೆ. ಶಾಲೆಯ ಪುಸ್ತಕ ಕಾಯಲು ಯಾರಿದ್ದಾರೆ? ಶಾಲೆಯ ಸಂಚಾಲಕರೂ ಹೆಚ್ಚಾಗಿ ಅದೇ ವಿಗಾರ್ ಆಗಿರುತ್ತಾರೆ, ಅದೊಂದು ಸಮಾಧಾನ. ಅವರು ಮನಸ್ಸು ಮಾಡಿದರೆ ಎರಡು ಕಪಾಟುಗಳನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿಸಬಹುದು. ರಾಜ್ಯದ ಪತ್ರಾಗಾರ ಇಲಾಖೆಯವರು ಅರಮನೆಗಳ ಕಾಗದ ನೋಡಿದ ಹಾಗೆ ಒಮ್ಮೆ ಬೋಳಾರಕ್ಕೂ ಬರಬಹುದು. ದೊಡ್ಡ ಖರ್ಚೇನಿಲ್ಲ. ಕಾರ್ಖಾನೆಯ ಲೆಕ್ಕ ಬರೆದವ ನಾನು, ಖರ್ಚಿನ ಅಂದಾಜು ನನಗಿದೆ.

ನಿಮ್ಮಿಂದ ಕೇಳುವುದು ಎರಡೇ. ಒಂದು, ಆ ಅಡಿಬರಹವನ್ನು ತಿದ್ದಿ ಹಾಕಿ. ಫಿರ್ಗಜ್ 1568ರದ್ದು, ಗುಮ್ಮಟ 1910ರ ನಂತರದ್ದು, ಅಷ್ಟೇ ಸಾಕು. ಇನ್ನೊಂದು, ನಿಮ್ಮ ವರದಿಗಾರರನ್ನು ಒಂದು ದಿನ ಶಾಲೆಗೂ ಕಳಿಸಿ. ಬೆಳಿಗ್ಗೆ ಹತ್ತರ ಮೊದಲು ಬೇಡ, ಪ್ರಾರ್ಥನೆ ಮತ್ತು ಹಾಜರಿಯ ಗಡಿಬಿಡಿ ಇರುತ್ತದೆ. ಹನ್ನೆರಡರ ಗಂಟೆ ಹೊಡೆಯುವಾಗ ಅಲ್ಲೇ ಇರುವ ಹಾಗೆ ನೋಡಿಕೊಳ್ಳಲಿ. ಸಾಧ್ಯವಾದರೆ 1928ರ ಪುಸ್ತಕ ಕೇಳಲಿ. ಜೂನ್ ತಿಂಗಳ ಪುಟ, ಕೂಲಿಯ ಮಗ, ಐದನೇ ಕ್ಲಾಸಿಗೆ ಬಿಟ್ಟವರು. ಪಕ್ಕದಲ್ಲಿ ಆಗಿನ ಹೆಡ್ ಮಾಸ್ಟ್ರ ಪೆನ್ಸಿಲ್ ಗುರುತು ಇದ್ದರೆ, ಏನು ಬರೆದಿದ್ದಾರೆ ಅಂತ ನನಗೂ ತಿಳಿಸಲಿ. ಆವತ್ತು ಕೇಳಲು ಸಂಕೋಚ ಆಗಿತ್ತು.

ಇಂತಿ,
ಒಬ್ಬ ಹಳೆಯ ವಿದ್ಯಾರ್ಥಿ
ಬೋಳಾರ, ಮಂಗಳೂರು